ಹೆಪ್ಪು ತಡವಾಗುವ ಮಾತ್ರೆ

ನಮ್ಮ ಕಡೆ ಇದಕ್ಕೆ ‘ರಕ್ತ ತೆಳು ಮಾಡೋ ಮಾತ್ರೆ’ ಎನ್ನುತ್ತಾರೆ. ಹೆಸರು ಬಾಯಿಗೆ ಸುಲಭ, ಆದರೆ ಅರ್ಥ ತಪ್ಪು. ಕೇಳಿದವರ ಕಣ್ಣೆದುರು ಗಟ್ಟಿ ಮಜ್ಜಿಗೆಗೆ ನೀರು ಬೆರೆಸಿದ ಚಿತ್ರ ಬರುತ್ತದೆ. ರಕ್ತ ನೀರಾಗಿಬಿಟ್ಟರೆ ಮೈಯಲ್ಲಿ ಶಕ್ತಿ ಎಲ್ಲಿಂದ ಬರಬೇಕು ಎಂದು ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವವರನ್ನೂ, ಮಾತ್ರೆಯ ಜೊತೆಗೆ ‘ರಕ್ತ ವೃದ್ಧಿ’ ಟಾನಿಕ್ಕು ಕುಡಿದು ಸರಿದೂಗಿಸುವವರನ್ನೂ ನಾನು ಹೊಸನಗರದ ಸುತ್ತಮುತ್ತ ಕಂಡಿದ್ದೇನೆ.

ನಿಜಕ್ಕೂ ಈ ಮಾತ್ರೆಯಿಂದ ರಕ್ತ ತೆಳುವಾಗುವುದಿಲ್ಲ. ಗಾಯದ ಮೇಲೆ ರಕ್ತ ಗಟ್ಟಿಯಾಗುವುದಕ್ಕೆ ನಾವು ಹೆಪ್ಪುಗಟ್ಟುವುದು ಎನ್ನುತ್ತೇವಲ್ಲ, ಆ ಮಾತಿನಲ್ಲೇ ಸರಿಯಾದ ವಿವರಣೆ ಇದೆ. ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟರೆ ಬೇಸಗೆಯಲ್ಲಿ ಬೆಳಗಾಗುವಷ್ಟರಲ್ಲಿ ಮೊಸರು. ಮಳೆಗಾಲದ ಥಂಡಿಯಲ್ಲಿ ಅದೇ ಹಾಲು, ಅದೇ ಹೆಪ್ಪು, ಮಧ್ಯಾಹ್ನವಾದರೂ ಪಾತ್ರೆ ಓರೆ ಮಾಡಿದರೆ ಹಾಲು ಅಲುಗಾಡುತ್ತದೆ. ಹಾಲೇನೂ ತೆಳುವಾಗಿಲ್ಲ, ಹೆಪ್ಪು ತಡವಾಗಿದೆ ಅಷ್ಟೆ. ಈ ಮಾತ್ರೆ ಮಾಡುವುದೂ ಇಷ್ಟೇ. ತೀರಾ ತಡವಾದರೆ ಸಣ್ಣ ಗಾಯದಿಂದಲೂ ರಕ್ತ ನಿಲ್ಲುವುದಿಲ್ಲ. ತಡವಾಗದಿದ್ದರೆ ಹೃದಯದೊಳಗೆ ಗಡ್ಡೆ ಕಟ್ಟಿ, ಅದು ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಎಷ್ಟು ತಡವಾಗಬೇಕೆಂಬುದನ್ನು ಅಳೆಯಲು ಒಂದು ರಕ್ತಪರೀಕ್ಷೆ ಇದೆ. ಜನ ಅದನ್ನು ‘ಪಿ.ಟಿ. ಟೆಸ್ಟು’ ಎನ್ನುತ್ತಾರೆ, ವರದಿಯಲ್ಲಿ ಐ.ಎನ್.ಆರ್. ಎಂದು ಬರುತ್ತದೆ. ಮಾತ್ರೆ ನುಂಗದವರಲ್ಲಿ ಅದು ಸುಮಾರು 1. ನುಂಗುವವರಲ್ಲಿ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಹೃದಯದ ಎಡಭಾಗದ ಮೈಟ್ರಲ್ ಕವಾಟದ ಜಾಗದಲ್ಲಿ ಲೋಹದ ಕವಾಟ ಹಾಕಿಸಿಕೊಂಡವರಿಗೆ 2.5ರಿಂದ 3.5. ಅಡಿಕೆ ಮರದ ಸಂಕದ ಮೇಲೆ ಹಳ್ಳ ದಾಟಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಕಾಲಿಡುವ ಜಾಗ ಅಷ್ಟೇ ಅಗಲ, ಎರಡು ಕಡೆಯೂ ನೀರು.

ನನ್ನ ಚಿಕ್ಕಮ್ಮ ಈ ಸಂಕದ ಮೇಲೆ ನಡೆಯಲು ತೊಡಗಿ ಮೂವತ್ತು ವರ್ಷದ ಮೇಲಾಯಿತು. ಅಮ್ಮನ ಕೊನೆಯ ತಂಗಿ ಅವಳು, ನನಗಿಂತ ನಾಲ್ಕೈದು ವರ್ಷಕ್ಕಷ್ಟೇ ದೊಡ್ಡವಳು. ಶಾಲೆಗೆ ಹೋಗುವಾಗ ಅವಳಿಗೆ ಗಂಟಲುನೋವು, ಜ್ವರ ಬಂದು, ಅದು ಬಿಟ್ಟ ಮೇಲೆ ಮೊಣಕಾಲು, ಮಣಿಕಟ್ಟು ಊದಿಕೊಂಡು ತಿಂಗಳುಗಟ್ಟಲೆ ಮಲಗಿದ್ದಳಂತೆ. ಆಗ ಅದಕ್ಕೆ ‘ವಾಯು’ ಎಂದು ಎಣ್ಣೆ ತಿಕ್ಕಿದ್ದರು. ಕೀಲುನೋವು ಹೋಯಿತು, ಹೃದಯಕ್ಕೆ ಆದ ಗಾಯ ಹೋಗಲಿಲ್ಲ. ಇದಕ್ಕೆ ಡಾಕ್ಟರುಗಳು ರುಮ್ಯಾಟಿಕ್ ಜ್ವರ ಎನ್ನುತ್ತಾರೆ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಹೆಚ್ಚು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಗಂಟಲುನೋವಿನಿಂದ ಶುರುವಾಗಿ, ದೇಹ ಅದರ ವಿರುದ್ಧ ಹೂಡಿದ ಯುದ್ಧ ಹೃದಯದ ಕವಾಟಗಳ ಮೇಲೂ ನಡೆದುಹೋಗುತ್ತದೆ. ಮಗುವಿಗೆ ಜೋರು ಗಂಟಲುನೋವು, ಜ್ವರ ಬಂದರೆ ಬರೀ ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗಬೇಡಿ ಎಂದು ತಂದೆತಾಯಿಯರಿಗೆ ಹೇಳುವುದಿದ್ದರೆ ಇದೇ ಕಾರಣಕ್ಕೆ. ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ನನ್ನು ವರ್ಷಗಟ್ಟಲೆ ಕೊಡುತ್ತಾರೆ. ನೋವಿನದು, ಮಕ್ಕಳು ಅಳುತ್ತಾರೆ, ಆದರೂ ತಪ್ಪಿಸಬಾರದು.

ಚಿಕ್ಕಮ್ಮನಿಗೆ ಮಗ ಹುಟ್ಟಿದ ಮೇಲೆ ಉಬ್ಬಸ ಹೆಚ್ಚಾಗಿ, ಬಾವಿಯಿಂದ ನಾಲ್ಕು ಕೊಡ ನೀರು ತರಲಾರದ ಸ್ಥಿತಿ ಬಂತು. 1994ರಲ್ಲಿ ಕವಾಟ ಬದಲಾಯಿಸಿದರು. ನಮ್ಮ ದೇಶದಲ್ಲೇ ತಯಾರಾದ ಕವಾಟ ಆಗಷ್ಟೇ ಬಳಕೆಗೆ ಬರುತ್ತಿದ್ದ ಕಾಲ ಅದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯವರು ರೂಪಿಸಿದ ‘ಚಿತ್ರಾ’ ಕವಾಟವನ್ನು ಮೊದಲ ಸಲ ರೋಗಿಯೊಬ್ಬರಿಗೆ ಹಾಕಿದ್ದು 1990ರ ಡಿಸೆಂಬರಿನಲ್ಲಿ. ಚಿಕ್ಕಮ್ಮನ ಮನೆಯಲ್ಲಿ ರಾತ್ರಿ ಎಲ್ಲರೂ ಮಲಗಿ, ಮಳೆಯೂ ನಿಂತು, ಕಪ್ಪೆಗಳೂ ಸುಮ್ಮನಾದರೆ ಅವಳ ಎದೆಯಿಂದ ಟಿಕ್ ಟಿಕ್ ಎಂದು ಸಣ್ಣ ಸದ್ದು ಕೇಳಿಸುತ್ತದೆ. ಮಕ್ಕಳು ‘ಚಿಕ್ಕಮ್ಮ ಗಡಿಯಾರ ನುಂಗಿದ್ದಾಳೆ’ ಎನ್ನುತ್ತಿದ್ದರು. ಆ ಗಡಿಯಾರ ನಿಲ್ಲದಿರಲು ರಾತ್ರಿ ಊಟದ ಮೇಲೆ ಒಂದು ಪುಟ್ಟ ಮಾತ್ರೆ. ಅಸಿಟ್ರೋಮ್ ಎಂಬ ಹೆಸರಿನಲ್ಲಿ ಬರುತ್ತದೆ, ಒಳಗಿನ ಔಷಧಿ ಅಸಿನೊಕೌಮರಾಲ್. ಒಂದು ದಿನ ಎರಡು ಮಿಲಿಗ್ರಾಂ, ಮರುದಿನ ಮೂರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ 2, 3, 2, 3 ಎಂದು ಪೆನ್ಸಿಲಿನಲ್ಲಿ ಬರೆದಿರುತ್ತದೆ.

ಈ ಜಾತಿಯ ಔಷಧಿಗಳ ಹುಟ್ಟಿನ ಕತೆಯನ್ನು ನಾನು ಹೈಸ್ಕೂಲು ಮಕ್ಕಳಿಗೆ ಹೇಳುವುದುಂಟು, ಏಕೆಂದರೆ ಅದು ಹುಲ್ಲಿನ ಬಣವೆಯಿಂದ ಶುರುವಾಗುತ್ತದೆ. ಅಕಾಲದಲ್ಲಿ ಮಳೆ ಬಂದು ಕೊಯ್ದ ಹುಲ್ಲು ನೆನೆದು ಮುಗ್ಗುಲು ಹಿಡಿದರೆ ಏನು ಸಂಕಟ ಎಂಬುದು ನಮಗೆ ಗೊತ್ತು. 1920ರ ದಶಕದಲ್ಲಿ ಅಮೆರಿಕದ ಉತ್ತರ ಭಾಗ ಮತ್ತು ಕೆನಡಾದ ರೈತರು ಸ್ವೀಟ್ ಕ್ಲೋವರ್ ಎಂಬ ಮೇವು ಬೆಳೆಯುತ್ತಿದ್ದರು. ಆ ಮೇವು ಒದ್ದೆಯಾಗಿ ಬೂಸ್ಟು ಹಿಡಿದಾಗ ತಿಂದ ದನಗಳು ರಕ್ತ ಸೋರಿ ಸಾಯತೊಡಗಿದವು. ಕೋಡು ಕತ್ತರಿಸಿದರೆ, ಬೀಜ ಒಡೆದರೆ ರಕ್ತ ನಿಲ್ಲುತ್ತಿರಲಿಲ್ಲ. 1933ರ ಫೆಬ್ರುವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಎಡ್ ಕಾರ್ಲ್‌ಸನ್ ಎಂಬ ರೈತ, ಹಿಮ ಸುರಿಯುತ್ತಿದ್ದ ಶನಿವಾರ, ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು ಮತ್ತು ಹಾಳಾದ ಮೇವಿನ ಹೊರೆ ಲಾರಿಗೆ ಹಾಕಿಕೊಂಡು ಸುಮಾರು ಮುನ್ನೂರು ಕಿಲೋಮೀಟರು ದಾಟಿ ಮ್ಯಾಡಿಸನ್ ನಗರಕ್ಕೆ ಬಂದ. ಪಶುವೈದ್ಯರ ಕಚೇರಿ ಮುಚ್ಚಿತ್ತು. ಅವನು ಹೊಕ್ಕದ್ದು ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನವಿಜ್ಞಾನಿಯ ಪ್ರಯೋಗಶಾಲೆಗೆ. ಆರು ವರ್ಷದ ಕೆಲಸದ ಮೇಲೆ, 1939ರಲ್ಲಿ, ಲಿಂಕ್ ಅವರ ತಂಡಕ್ಕೆ ಆ ಮೇವಿನಲ್ಲಿದ್ದ ವಸ್ತು ಕೈಗೆ ಸಿಕ್ಕಿತು. ಹುಲ್ಲಿಗೆ ಸುವಾಸನೆ ಕೊಡುವ ಕೌಮರಿನ್ ಎಂಬುದನ್ನು ಬೂಸ್ಟು ಡೈಕೌಮರಾಲ್ ಆಗಿ ಬದಲಿಸಿತ್ತು. ಅದರ ವಂಶದಲ್ಲೇ ವಾರ್ಫರಿನ್ ಹುಟ್ಟಿತು. 1948ರಲ್ಲಿ ಅದನ್ನು ಮಾರಿದ್ದು ಇಲಿಪಾಷಾಣವೆಂದು! 1951ರಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ ಒಬ್ಬ ಯುವಕ ಸಾಯಬೇಕೆಂದು ಅದನ್ನು ನುಂಗಿ, ಕೆ ಜೀವಸತ್ವದ ಚಿಕಿತ್ಸೆಯಿಂದ ಬದುಕಿಕೊಂಡ. ಹಾಗಾದರೆ ಮನುಷ್ಯರಿಗೂ ಕೊಡಬಹುದಲ್ಲ ಎಂದು 1954ರಲ್ಲಿ ಅದು ಔಷಧಿಯಾಯಿತು. ಮರುವರ್ಷ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಕೊಟ್ಟರು. ನಮ್ಮ ಅಂಗಡಿಗಳಲ್ಲಿ ಈಗ ಇಲಿಗೆಂದು ಸಿಗುವ ಬ್ರೊಮಾಡಿಯೋಲೋನ್ ಬಿಲ್ಲೆಗಳೂ ಇದೇ ವಂಶದವು, ಇನ್ನೂ ಬಲವಾದವು. ಅವು ಮಕ್ಕಳ ಕೈಗೆ ಸಿಗುವ ಕಡೆ ಇರಬಾರದೆಂದು ಇಲ್ಲೇ ಹೇಳಿಬಿಡುತ್ತೇನೆ.

ಕೆ ಜೀವಸತ್ವ ಎಂದೆನಲ್ಲ. ‘ಹೊಂದಿಸಿ ಬರೆಯಿರಿ’ ಪ್ರಶ್ನೆಯಲ್ಲಿ ಕೆ ಜೀವಸತ್ವದ ಎದುರು ‘ರಕ್ತ ಹೆಪ್ಪುಗಟ್ಟುವಿಕೆ’ ಎಂದು ಬರೆದು ಅಂಕ ತೆಗೆದುಕೊಳ್ಳದ ವಿದ್ಯಾರ್ಥಿ ಇಲ್ಲ. ಆ ಒಂದು ಸಾಲಿನ ಹಿಂದೆ ಏನಿದೆ ಎಂದು ತಿಳಿದರೆ ಚಿಕ್ಕಮ್ಮನ ಕತೆ ಪೂರ್ತಿ ಅರ್ಥವಾಗುತ್ತದೆ. ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್ ಎಂಬವರು ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಹಾಕಿ ನೋಡುತ್ತಿದ್ದಾಗ ಮರಿಗಳಿಗೆ ರಕ್ತ ಸೋರತೊಡಗಿತು. ಆಹಾರದಲ್ಲಿ ಇಲ್ಲದ ಆ ವಸ್ತುವಿಗೆ ಅವರು 1935ರಲ್ಲಿ ಕೊಟ್ಟ ಹೆಸರು ‘ಕೆ’. ಅವರ ಭಾಷೆಯಲ್ಲಿ ಹೆಪ್ಪುಗಟ್ಟುವುದಕ್ಕಿರುವ ಪದ ‘ಕ’ಕಾರದಿಂದ ಶುರುವಾಗುತ್ತದೆ. 1943ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಬಂತು. ನಮ್ಮ ಪಿತ್ತಕೋಶ ಅಲ್ಲ, ಅದರ ಪಕ್ಕದ ಯಕೃತ್ತು, ಹೆಪ್ಪಿಗೆ ಬೇಕಾದ ನಾಲ್ಕು ಮುಖ್ಯ ಪ್ರೋಟೀನುಗಳನ್ನು ತಯಾರಿಸಿ ಕೆಲಸಕ್ಕೆ ಸಿದ್ಧಗೊಳಿಸುವುದು ಈ ಜೀವಸತ್ವದ ನೆರವಿನಿಂದ. ಮಾತ್ರೆ ಆ ನೆರವನ್ನು ತಡೆಯುತ್ತದೆ. ಆದರೆ ಈಗಾಗಲೇ ರಕ್ತದಲ್ಲಿರುವ ಪ್ರೋಟೀನು ಖರ್ಚಾಗಬೇಕಲ್ಲ? ಒಂದು ಕೆಲವೇ ಗಂಟೆಯಲ್ಲಿ ಅರ್ಧವಾಗುತ್ತದೆ, ಇನ್ನೊಂದಕ್ಕೆ ಎರಡೂವರೆ ದಿನ ಬೇಕು. ಕಾಲುವೆ ಕಟ್ಟಿದ ಕೂಡಲೇ ಗದ್ದೆಯ ನೀರು ಬತ್ತುವುದಿಲ್ಲ, ಹಾಗೆ. ಇದನ್ನು ನೆನಪಿಡಬೇಕು. ಇವತ್ತು ಮಾಡಿದ್ದರ ಫಲ ಇವತ್ತು ಕಾಣುವುದಿಲ್ಲ, ಮೂರು ನಾಲ್ಕು ದಿನದ ಮೇಲೆ ಕಾಣುತ್ತದೆ. ಆಗ ಕಾರಣ ಯಾವುದೆಂದು ಯಾರಿಗೂ ನೆನಪಿರುವುದಿಲ್ಲ.

2023ರ ಪುನರ್ವಸು ಮಳೆಯಲ್ಲಿ ನಡೆದದ್ದು ಇದೇ. ಚಿಕ್ಕಮ್ಮನಿಗೆ ಆಮಶಂಕೆ ಶುರುವಾಯಿತು. ಮೂರು ದಿನ ಗಂಜಿ ಬಿಟ್ಟರೆ ಏನೂ ಇಲ್ಲ. ಯಾರೋ ಪೇಟೆಗೆ ಹೋಗುವವರ ಹತ್ತಿರ ಹೇಳಿ ಕಳಿಸಿ ಔಷಧಿ ಅಂಗಡಿಯಿಂದ ಮಾತ್ರೆ ತರಿಸಿದರು. ಮೆಟ್ರೊನಿಡಜೋಲ್, ದಿನಕ್ಕೆ ಮೂರು. ನಮ್ಮ ಊರುಗಳಲ್ಲಿ ಹೊಟ್ಟೆ ಕೆಟ್ಟರೆ ಎಲ್ಲರ ಮನೆಗೂ ಬರುವ ಮಾತ್ರೆ ಅದು. ಅಂಗಡಿಯವರು ‘ಯಾರಿಗೆ, ಬೇರೆ ಏನಾದರೂ ಮಾತ್ರೆ ತಗೊಳ್ತಾರಾ’ ಎಂದು ಕೇಳಲಿಲ್ಲ. ಹೊಟ್ಟೆ ಎರಡೇ ದಿನದಲ್ಲಿ ಸರಿಹೋಯಿತು. ಐದನೇ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಿಂದ ಬಂದ ರಕ್ತ ನಿಲ್ಲಲಿಲ್ಲ. ತೊಡೆಯ ಮೇಲೆ ಅಂಗೈಯಗಲದ ನೀಲಿ ಮಚ್ಚೆ. ಎಲ್ಲಿಯೂ ಬಡಿದುಕೊಂಡಿರಲಿಲ್ಲ. ಮೂತ್ರ ಕಟ್ಟು ಚಹಾದ ಬಣ್ಣ. ಚಿಕ್ಕಮ್ಮ ‘ಉಷ್ಣ ಆಗಿರ್ಬೇಕು ಮಾರಾಯ, ಒಂದೆಲಗದ ತಂಬುಳಿ ಕುಡಿದ್ರೆ ಸರಿಹೋಗ್ತದೆ’ ಎಂದಳು. ತಂಬುಳಿಗೆ ಕಾಯದೆ ಜೀಪು ಮಾಡಿದೆವು. ಹುಲಿಕಲ್ ಘಾಟಿಯ ಮಳೆಯಲ್ಲಿ ಮುಂದಿನ ಹತ್ತು ಮಾರು ರಸ್ತೆ ಕಾಣುತ್ತಿರಲಿಲ್ಲ. ಹೊಸಂಗಡಿಗೆ ಇಳಿಯುವವರೆಗೆ ಯಾರೂ ಮಾತಾಡಲಿಲ್ಲ. ಜೀಪಿನ ಸದ್ದಿನಲ್ಲಿ ಆ ಟಿಕ್ ಟಿಕ್ ಕೇಳುವಂತಿರಲಿಲ್ಲ, ಆದರೂ ಎಲ್ಲರ ಕಿವಿಯೂ ಅಲ್ಲೇ ಇತ್ತು.

ಕರಾವಳಿಯ ಆಸ್ಪತ್ರೆಯಲ್ಲಿ ನೋಡಿದಾಗ ಐ.ಎನ್.ಆರ್. 6.8. ಡಾಕ್ಟರು ತಾಳ್ಮೆಯವರು. ಮಗನನ್ನೂ ನನ್ನನ್ನೂ ಕೂರಿಸಿಕೊಂಡು ವಿವರಿಸಿದರು. ಇಲ್ಲಿ ಒಂದಲ್ಲ, ಮೂರು ಕಾರಣ ಸೇರಿವೆ. ಮೂರು ದಿನ ಸೊಪ್ಪು ತರಕಾರಿ ಇಲ್ಲದೆ ಕೆ ಜೀವಸತ್ವ ಹೊಟ್ಟೆಗೆ ಹೋಗಿಲ್ಲ. ಭೇದಿಯಿಂದ ಇದ್ದದ್ದೂ ಸರಿಯಾಗಿ ಹೀರಿಕೆಯಾಗಿಲ್ಲ. ಅದರ ಮೇಲೆ ಮೆಟ್ರೊನಿಡಜೋಲ್. ಹೆಪ್ಪಿನ ಮಾತ್ರೆಯನ್ನು ಯಕೃತ್ತಿನ ಕಿಣ್ವಗಳು ನಿಧಾನವಾಗಿ ಒಡೆದು ಹೊರಹಾಕುತ್ತಿರುತ್ತವೆ. ಈ ಹೊಸ ಮಾತ್ರೆ ಆ ಕಿಣ್ವಗಳ ಕೈ ಕಟ್ಟುತ್ತದೆ. ನುಂಗಿದ್ದು ಅದೇ ಎರಡು-ಮೂರು ಮಿಲಿಗ್ರಾಂ, ಆದರೆ ಒಳಗೆ ಉಳಿದದ್ದು ಅದಕ್ಕಿಂತ ಹೆಚ್ಚು.

‘ಹಾಗಾದರೆ ಕೆ ಜೀವಸತ್ವದ ಇಂಜೆಕ್ಷನ್ ಕೊಟ್ಟುಬಿಡಿ’ ಎಂದ ಮಗ. ಡಾಕ್ಟರು ತಲೆಯಲ್ಲಾಡಿಸಿದರು. ಜೋರಾಗಿ ಕೊಟ್ಟರೆ ರಕ್ತ ನಿಲ್ಲುತ್ತದೆ, ಆದರೆ ಕವಾಟದ ಮೇಲೆ ಗಡ್ಡೆ ಕೂತರೆ? ಮತ್ತೆ ಮಾತ್ರೆ ಕೆಲಸ ಮಾಡಲು ವಾರಗಟ್ಟಲೆ ಹಿಡಿದರೆ? ಅವರು ಅಸಿಟ್ರೋಮ್ ನಿಲ್ಲಿಸಿ, ಕೆ ಜೀವಸತ್ವವನ್ನು ತೀರಾ ಸ್ವಲ್ಪ ಬಾಯಿಯ ಮೂಲಕ ಕೊಟ್ಟು, ದಿನವೂ ರಕ್ತ ನೋಡುತ್ತ ಕಾದರು. ನಾಲ್ಕನೇ ದಿನ 3.1ಕ್ಕೆ ಇಳಿಯಿತು. ಆಸ್ಪತ್ರೆಯ ಬಿಲ್ಲು ಬಂದಾಗ ಆ ಮಾತ್ರೆಯ ಪಟ್ಟಿಗೆ ಕೊಟ್ಟದ್ದು ಎಷ್ಟು ರೂಪಾಯಿ ಎಂದು ಚಿಕ್ಕಪ್ಪ ಕೇಳಿದರು. ಯಾರೂ ಉತ್ತರ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಈ ಉಸ್ತುವಾರಿ ವಹಿಸಿಕೊಂಡವಳು ಮೊಮ್ಮಗಳು. ಆಗ ಏಳನೇ ತರಗತಿ. ಮನೆಯಲ್ಲಿ ಮಾತ್ರೆಯ ಪಟ್ಟಿಯ ಹಿಂದಿನ ಸಣ್ಣ ಅಕ್ಷರವನ್ನು ಕನ್ನಡಕವಿಲ್ಲದೆ ಓದಬಲ್ಲವಳು ಅವಳೊಬ್ಬಳೇ. ‘ದೊಡ್ಡಪ್ಪ, ಹೆಸರು ಬೇರೆ ಬೇರೆ ಇದ್ರೂ ಒಳಗಿನ ಔಷಧಿ ಒಂದೇ ಇರ್ತದೆ, ಅಲ್ವಾ?’ ಎಂದು ಅವಳೇ ಕಂಡುಹಿಡಿದಳು. ಪಟ್ಟಿಯ ಮೇಲಿನ ಒಂದು ಹೆಸರು ಕಂಪನಿ ಇಟ್ಟದ್ದು, ಇನ್ನೊಂದು ಒಳಗಿನ ಔಷಧಿಯದು. ನೋಡಬೇಕಾದದ್ದು ಎರಡನೆಯದು. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಗೆರೆ ಹಾಕಿ ತಾರೀಕು, ಅಸಿಟ್ರೋಮ್ ಎಷ್ಟು, ಹೊಸದಾಗಿ ಬಾಯಿಗೆ ಹೋದದ್ದೇನು, ಪಿ.ಟಿ. ಟೆಸ್ಟು ಎಷ್ಟು ಎಂದು ನಾಲ್ಕು ಕಾಲಂ ಮಾಡಿದಳು. ಮೂರನೆಯ ಕಾಲಮ್ಮೇ ಜೀವಾಳ. ಜ್ವರದ ಮಾತ್ರೆ, ಹೋಮಿಯೋಪಥಿ ಗುಳಿಗೆ, ನಾಟಿವೈದ್ಯರ ಕಷಾಯ, ನೆಂಟರು ಬೆಂಗಳೂರಿನಿಂದ ತಂದ ‘ಮಂಡಿನೋವಿನ ಪುಡಿ’ ಎಲ್ಲವೂ ಅಲ್ಲಿ ಬರುತ್ತದೆ. ಡಾಕ್ಟರ ಮುಂದೆ ಚಿಕ್ಕಮ್ಮ ‘ಬೇರೆ ಎಂತದೂ ತಗೊಂಡಿಲ್ಲ’ ಎನ್ನುತ್ತಾಳೆ, ಮೊಮ್ಮಗಳು ಪುಸ್ತಕ ಬಿಚ್ಚುತ್ತಾಳೆ.

ಇದರಲ್ಲಿ ಚಿಕ್ಕಮ್ಮನದೇ ತಪ್ಪು ಎನ್ನಲಾರೆ. ನಾಟಿ ಔಷಧಿ ಎಂದ ಕೂಡಲೇ ಗದರುವ ಡಾಕ್ಟರುಗಳಿದ್ದಾರೆ. ಒಮ್ಮೆ ಗದರಿಸಿಕೊಂಡವರು ಮತ್ತೆ ಬಾಯಿ ಬಿಡುವುದಿಲ್ಲ. ಔಷಧಿ ಬಿಡುವುದೂ ಇಲ್ಲ. ಗೊತ್ತಿದ್ದರೆ ಲೆಕ್ಕ ಹಾಕಬಹುದು, ಮುಚ್ಚಿಟ್ಟರೆ ಯಾರೂ ಏನೂ ಮಾಡಲಾಗದು. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರುಪದ್ರವಿ ಎಂಬ ನಂಬಿಕೆಗೆ ಆ ಬೂಸ್ಟು ಹಿಡಿದ ಮೇವೇ ಸಾಕಷ್ಟು ಉತ್ತರ.

ಮೊಮ್ಮಗಳ ಪುಸ್ತಕದ ಕೊನೆಯ ಪುಟದಲ್ಲಿ ಡಾಕ್ಟರು ಹೇಳಿದ ಹೆಸರುಗಳಿವೆ. ರಕ್ತಸ್ರಾವ ಹೆಚ್ಚಿಸುವ ಕಡೆ ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್, ಎರಿಥ್ರೊಮೈಸಿನ್, ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್, ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್. ಬಾಯಿಹುಣ್ಣಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ಈ ಸಾಲಿನಲ್ಲಿದೆಯೆಂದರೆ ನಂಬುವುದು ಕಷ್ಟ. ನುಂಗದಿದ್ದರೂ ಬಾಯಿಯಿಂದಲೇ ರಕ್ತಕ್ಕೆ ಸೇರುತ್ತದೆ. ಇನ್ನೊಂದು ಕಡೆ, ಮಾತ್ರೆಯ ಬಲ ಕುಗ್ಗಿಸುವವು: ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಕಾರ್ಬಮಜೆಪಿನ್. ಇವು ಯಕೃತ್ತಿನ ಕಿಣ್ವಗಳನ್ನು ಹೆಚ್ಚು ದುಡಿಸುತ್ತವೆ. ಕ್ಷಯದ ಔಷಧಿ ಶುರುವಾದಾಗ ಅಸಿಟ್ರೋಮ್ ಹೆಚ್ಚು ಬೇಕಾಗುತ್ತದೆ. ಆರು ತಿಂಗಳ ಕೋರ್ಸು ಮುಗಿದಾಗ ಅದನ್ನು ಇಳಿಸಲು ಮರೆತರೆ ಅಪಾಯ ಆಗ ಬರುತ್ತದೆ. ಶುರು ಮಾಡುವಾಗ ಎಲ್ಲರಿಗೂ ಎಚ್ಚರವಿರುತ್ತದೆ, ನಿಲ್ಲಿಸುವಾಗ ಇರುವುದಿಲ್ಲ.

ಇವೆಲ್ಲ ಬೇಡವೇ ಬೇಡವೆಂದಲ್ಲ. ಕ್ಷಯಕ್ಕೆ ಔಷಧಿ ಬೇಕೇ ಬೇಕು, ಸೋಂಕಿಗೂ ಬೇಕು. ಕೊಡುವ ಡಾಕ್ಟರಿಗೆ ಗೊತ್ತಿದ್ದರೆ ಬೇರೆ ಔಷಧಿ ಆರಿಸುತ್ತಾರೆ, ಇಲ್ಲವೇ ಮೂರು ನಾಲ್ಕು ದಿನಕ್ಕೆ ರಕ್ತ ಪರೀಕ್ಷಿಸಿ ಮಾತ್ರೆಯ ಪ್ರಮಾಣ ಬದಲಿಸುತ್ತಾರೆ.

ನೋವಿನ ಮಾತ್ರೆಯ ಕತೆ ಬೇರೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಐ.ಎನ್.ಆರ್. ಹೆಚ್ಚು ಏರಿಸದಿದ್ದರೂ ಹೊಟ್ಟೆಯ ಒಳಪದರವನ್ನು ಹುಣ್ಣು ಮಾಡುತ್ತವೆ, ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟದಂತೆಯೂ ಮಾಡುತ್ತವೆ. ಹೆಪ್ಪು ಮೊದಲೇ ತಡ, ಮೇಲಿಂದ ಹುಣ್ಣು. ಮಲ ಡಾಂಬರಿನಂತೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿದೆಯೆಂದೇ ತಿಳಿಯಬೇಕು. ಅಡಿಕೆ ಸುಲಿದು ಸೊಂಟ ಹಿಡಿದವರು, ನೆಟ್ಟಿ ಮಾಡಿ ಬೆನ್ನು ನೋವಾದವರು ಅಂಗಡಿಯಲ್ಲಿ ‘ಒಂದು ನೋವಿನ ಮಾತ್ರೆ’ ಕೇಳುವುದು ನಮ್ಮಲ್ಲಿ ಬೆಲ್ಲ ನೀರು ಕೇಳಿದಷ್ಟೇ ಸಹಜ. ಇಂಥವರಿಗೆ ಪ್ಯಾರಾಸಿಟಮಾಲ್ ವಾಸಿ. ಅದನ್ನೂ ದಿನಕ್ಕೆ ಮೂರು ನಾಲ್ಕರಂತೆ ನಾಲ್ಕೈದು ದಿನ ನುಂಗಿದರೆ ಐ.ಎನ್.ಆರ್. ಏರುತ್ತದೆ. ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ ಹಾಕಿಸಿಕೊಳ್ಳದೆ ಆಸ್ಪತ್ರೆಗೆ ಹೋದ ಸಮಾಧಾನವೇ ಆಗದವರು ನಮ್ಮಲ್ಲಿ ಬಹಳ. ಈ ಮಾತ್ರೆಯವರಿಗೆ ಅದೂ ಕೂಡದು, ಮಾಂಸಖಂಡದೊಳಗೆ ರಕ್ತ ಕಟ್ಟಿಕೊಳ್ಳುತ್ತದೆ.

ಊಟದ ವಿಷಯಕ್ಕೆ ಬಂದರೆ, ಸೊಪ್ಪನ್ನೇ ಮುಟ್ಟಬೇಡಿ ಎಂದು ಹೇಳುವವರಿದ್ದಾರೆ. ಮಲೆನಾಡಿನವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಅದು ಸರಿಯೂ ಅಲ್ಲ. ಸೊಪ್ಪು ಪೂರ್ತಿ ಬಿಟ್ಟವರಿಗೆ ಎಂದೋ ಒಂದು ದಿನ ಮದುವೆಮನೆಯಲ್ಲಿ ತಿಂದ ಪತ್ರೊಡೆಯೇ ದೊಡ್ಡ ಏರುಪೇರು ಮಾಡುತ್ತದೆ. ಹರಿವೆ, ಬಸಳೆ, ನುಗ್ಗೆಸೊಪ್ಪು, ಕೆಸು, ಒಂದೆಲಗ ಎಲ್ಲವನ್ನೂ ತಿನ್ನಬಹುದು. ವಾರ ವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು, ಅಷ್ಟೆ. ತಿನ್ನುವ ಸೊಪ್ಪಿಗೆ ತಕ್ಕಂತೆ ಡಾಕ್ಟರು ಮಾತ್ರೆ ಹೊಂದಿಸುತ್ತಾರೆ. ಮಳೆಗಾಲ ಶುರುವಾದ ಕೂಡಲೇ ಹದಿನೈದು ದಿನ ಒಂದೇ ಸಮನೆ ಪತ್ರೊಡೆ, ಆಮೇಲೆ ತಿಂಗಳು ಪೂರ್ತಿ ಬರೀ ಸಾರು ಅನ್ನ ಎಂಬುದು ಬೇಡ. ಚಿಕ್ಕಮ್ಮ ಈಗ ಮಂಗಳವಾರ, ಶುಕ್ರವಾರ ಸೊಪ್ಪು ಎಂದು ಗೊತ್ತು ಮಾಡಿಕೊಂಡಿದ್ದಾಳೆ. ನೆಂಟರ ಮನೆಯಲ್ಲೂ ವಾರ ಕೇಳಿಯೇ ಬಡಿಸಿಕೊಳ್ಳುತ್ತಾಳೆ. ಅದನ್ನು ವ್ರತವೆಂದು ತಿಳಿದವರೂ ಇದ್ದಾರೆ.

ಇನ್ನು ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೇ ವಿಶೇಷವಾಗಿ ಹೇಳಬೇಕಾದ್ದೊಂದಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡುಹಿಡಿದ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. 2018-19ರ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅನುಭವಿಸಿದ್ದು ಎಲ್ಲರಿಗೂ ನೆನಪಿದೆ. ಆ ಜ್ವರದಲ್ಲಿ ರಕ್ತದ ಕಿರುಬಿಲ್ಲೆಗಳು ಕಡಿಮೆಯಾಗುತ್ತವೆ, ಕೆಲವರಿಗೆ ಮೂಗು, ಒಸಡಿನಿಂದ ರಕ್ತ ಬರುತ್ತದೆ. ಡೆಂಗಿಯಲ್ಲೂ ಹೀಗೆಯೇ. ಹೆಪ್ಪು ತಡವಾಗುವ ಮಾತ್ರೆಯಲ್ಲಿರುವವರಿಗೆ ಇಂಥ ಜ್ವರ ಬಂದರೆ ‘ನಾಲ್ಕು ದಿನ ನೋಡೋಣ’ ಎಂಬ ಮಾತೇ ಇಲ್ಲ. ಮೊದಲ ದಿನವೇ ಹೋಗಿ, ಮಾತ್ರೆಯ ಹೆಸರು ಹೇಳಬೇಕು. ನೋವಿಗೆ ಆಸ್ಪಿರಿನ್, ಡೈಕ್ಲೊಫೆನಾಕ್ ಮುಟ್ಟಲೇಬಾರದು. ಗದ್ದೆ ಕೆಲಸದ ಕಾಲದಲ್ಲಿ ಇಲಿಜ್ವರಕ್ಕೆಂದು ಕೊಡುವ ಡಾಕ್ಸಿಸೈಕ್ಲಿನ್ ಕೂಡ ಐ.ಎನ್.ಆರ್. ಏರಿಸಬಲ್ಲದು. ಕೊಡಲು ಬಂದವರಿಗೂ ಹೇಳಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೂ ಬಾರದು. ಹಲ್ಲು ಕೀಳಿಸುವಾಗಲೂ ಅಷ್ಟೆ, ಮೊದಲು ಕೇಳಿಯೇ ಮುಂದಿನದು. ಮರದಿಂದಲೋ ಬೈಕಿನಿಂದಲೋ ಬಿದ್ದು ತಲೆಗೆ ಪೆಟ್ಟಾದರೆ, ಎದ್ದು ಓಡಾಡಿಕೊಂಡಿದ್ದರೂ, ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ಕವಾಟ ಹಾಕಿಸಿಕೊಂಡ ಹೆಣ್ಣುಮಕ್ಕಳು ಮದುವೆಯ ಮಾತು ಬಂದಾಗಲೇ ಡಾಕ್ಟರನ್ನು ಕಾಣಬೇಕು. ಬಸಿರಿನ ಮೊದಲ ತಿಂಗಳುಗಳಲ್ಲಿ ಈ ಮಾತ್ರೆ ಮಗುವಿಗೆ ತೊಂದರೆ ಮಾಡಬಹುದು, ಬಿಟ್ಟರೆ ತಾಯಿಗೆ ಅಪಾಯ. ಗಂಡಿನ ಕಡೆಯವರಿಗೆ ಹೇಳುವುದೋ ಬಿಡುವುದೋ ಎಂದು ಗುಟ್ಟು ಮಾಡುವ ವಿಷಯ ಇದಲ್ಲ.

‘ಟೆಸ್ಟೇ ಬೇಡದ ಹೊಸ ಮಾತ್ರೆ ಬಂದಿದೆಯಂತಲ್ಲ, ನಂಗೂ ಅದನ್ನೇ ಕೊಡಿ’ ಎಂದು ಚಿಕ್ಕಮ್ಮ ಕಳೆದ ಸಲ ಕೇಳಿದಳು. ಬಂದಿರುವುದು ನಿಜ. ಡಾಬಿಗಟ್ರಾನ್, ರಿವರೊಕ್ಸಬಾನ್, ಅಪಿಕ್ಸಬಾನ್ 2008ರಿಂದೀಚೆಗೆ ಬಳಕೆಗೆ ಬಂದವು. ಪಿ.ಟಿ. ಟೆಸ್ಟಿನ ಕಾಟವಿಲ್ಲ, ಪತ್ರೊಡೆಯ ಲೆಕ್ಕವಿಲ್ಲ. ಹೃದಯದ ಬಡಿತ ತಪ್ಪಿದ ವಯಸ್ಸಾದವರಿಗೆ, ಕಾಲಿನ ನರದಲ್ಲಿ ಗಡ್ಡೆ ಕಟ್ಟಿದವರಿಗೆ ಇವು ದೊಡ್ಡ ಅನುಕೂಲ. ಆದರೆ ಲೋಹದ ಕವಾಟದವರಿಗೆ ಇವು ಆಗುವುದಿಲ್ಲ. ಡಾಬಿಗಟ್ರಾನನ್ನು ಅಂಥವರಿಗೆ ಕೊಟ್ಟು ನೋಡಿದ ಅಧ್ಯಯನವನ್ನು 2012ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಗಡ್ಡೆಯೂ ಹೆಚ್ಚು, ರಕ್ತಸ್ರಾವವೂ ಹೆಚ್ಚು. ರುಮ್ಯಾಟಿಕ್ ಹೃದಯರೋಗದ ಜೊತೆ ಬಡಿತ ತಪ್ಪಿದವರಲ್ಲೂ ರಿವರೊಕ್ಸಬಾನ್‌ಗಿಂತ ಹಳೆಯ ಮಾತ್ರೆಯೇ ಮೇಲೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹೊಸ ಮಾತ್ರೆಗಳಿಗೂ ರಿಫಾಂಪಿಸಿನ್ ಆಗದು, ನೋವಿನ ಮಾತ್ರೆ ಆಗದು. ಡಾಕ್ಟರು ಇಷ್ಟನ್ನೂ ಬಿಡಿಸಿ ಹೇಳಿ, ‘ಅಮ್ಮಾ, ನಿಮಗೆ ಹಳೇದೇ ಗಟ್ಟಿ’ ಎಂದರು.

ಚಿಕ್ಕಮ್ಮನಿಗೆ ಅಷ್ಟೇನೂ ಬೇಸರವಾದಂತೆ ಕಾಣಲಿಲ್ಲ. ಬರುವಾಗ ಹೊಸಂಗಡಿಯಲ್ಲಿ ಬಸ್ಸು ನಿಂತಾಗ ಕಾಫಿ ಕುಡಿದಳು. ಮೊಮ್ಮಗಳು ಅಲ್ಲೇ ಪುಸ್ತಕ ತೆಗೆದು ಬರೆದುಕೊಂಡಳು: ಐ.ಎನ್.ಆರ್. 2.9, ಮಾತ್ರೆ ಮೊದಲಿನಂತೆ ಎರಡು, ಮೂರು, ಮುಂದಿನ ಟೆಸ್ಟು ನಾಲ್ಕು ವಾರದ ಮೇಲೆ.